ಸಾವಕಾಶ

ಕಳೆದ ವರ್ಷ ಆಷಾಢದ ಒಂದು ಬೆಳಗ್ಗೆ ನಾನು ಹತ್ತನೆಯ ತರಗತಿಗೆ ರಾಸಾಯನಿಕ ಕ್ರಿಯೆಗಳ ಪಾಠ ಮಾಡುತ್ತಿದ್ದೆ. ಮೆಗ್ನೀಸಿಯಂ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಉರಿಸಿ, ಕಣ್ಣು ಕೋರೈಸುವ ಆ ಬೆಳಕು ಆರಿದ ಮೇಲೆ ಗಾಜಿನ ತಟ್ಟೆಯಲ್ಲಿ ಉಳಿದ ಬಿಳಿ ಪುಡಿಯನ್ನು ಮಕ್ಕಳಿಗೆ ತೋರಿಸಿ, ಇದೇನು ಎಂದು ಕೇಳಲು ಬಾಯಿ ತೆರೆದೆ. ಗಾಳಿಯಷ್ಟೇ ಹೊರಬಂತು. ಇನ್ನೊಮ್ಮೆ ಪ್ರಯತ್ನಿಸಿದೆ, ಎಣ್ಣೆ ಕಾಣದ ಬಾಗಿಲು ಕಿರುಗುಟ್ಟಿದಂಥ ಒಂದು ಸದ್ದು ಬಂದು ಅಲ್ಲಿಗೇ ನಿಂತಿತು. ಐವತ್ತೆರಡು ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬೋರ್ಡಿನತ್ತ ತಿರುಗಿ ಮೆಗ್ನೀಸಿಯಂ ಆಕ್ಸೈಡ್ ಎಂದು ಬರೆದೆ, ಅದರ ಕೆಳಗೆ ಸಮೀಕರಣ ಬರೆದೆ, ಗಂಟೆ ಹೊಡೆಯುವವರೆಗೂ ಒಂದರ ಕೆಳಗೊಂದು ಸಮೀಕರಣ ಬರೆಯುತ್ತಲೇ ಇದ್ದೆ. ನನಗೆ ಭಯವಾಗಿತ್ತು.

ದನಿ ಒಡೆದದ್ದು ಅಂದೇ ಅಲ್ಲ. ಅದಕ್ಕೂ ಐದಾರು ತಿಂಗಳ ಹಿಂದಿನಿಂದ ಗಂಟಲು ಕಟ್ಟುತ್ತಿತ್ತು, ಸಂಜೆಯ ಹೊತ್ತಿಗೆ ಮಾತು ತಳ ಹಿಡಿದ ಪಾತ್ರೆಯನ್ನು ಕೆರೆದಂತಾಗುತ್ತಿತ್ತು. ದಿನಕ್ಕೆ ನಲವತ್ತು ನಿಮಿಷದ ಐದು ಅವಧಿ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೆಳಗಿನ ವಿಶೇಷ ತರಗತಿ, ಮನೆಗೆ ಬಂದ ಮೇಲೆ ಪಾಲಕರ ಫೋನು. ಜೇಷ್ಠಮಧು ಕಡಿದೆ, ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿದೆ, ಬಿಸಿನೀರಿನ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಓಡಾಡಿದೆ. ಆದರೆ ಮಾತು ಕಡಿಮೆ ಮಾಡುವುದೂ ಒಂದು ಉಪಾಯ ಎಂಬುದು ತಲೆಗೆ ಹೊಳೆಯಲೇ ಇಲ್ಲ. ಧಾರವಾಡದಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದ ನನಗೆ ಮಾತು ಉಸಿರಿನಷ್ಟೇ ಸಹಜವಾಗಿತ್ತು.

ಹುಬ್ಬಳ್ಳಿಯ ಕಿವಿ-ಮೂಗು-ಗಂಟಲಿನ ವೈದ್ಯರು ತುದಿಯಲ್ಲಿ ಕ್ಯಾಮೆರಾ ಇದ್ದ ಸಣ್ಣ ನಳಿಕೆಯನ್ನು ಗಂಟಲಿಗಿಳಿಸಿ, ಒಳಗಿನದನ್ನು ಪರದೆಯ ಮೇಲೆ ನನಗೂ ತೋರಿಸಿದರು. ಎರಡು ಬಿಳಿಚಾದ ಮಡಿಕೆಗಳು, ಅವುಗಳ ನಡುವೆ ಸಮನಾಗಿ ಕೂಡಬೇಕಾದ ಅಂಚಿನಲ್ಲಿ ಪಾದದ ಆಣಿಯ ಹಾಗೆ ಗಟ್ಟಿಯಾದ ಎರಡು ಗಂಟು, ಒಂದು ಬದಿಯಲ್ಲಿ ಕೆಂಪಗೆ ಕಟ್ಟಿದ ರಕ್ತ. ಹೆಂಗಸರು ಮಾತನಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು ಇನ್ನೂರು ಬಾರಿ ಒಂದಕ್ಕೊಂದು ತಾಗಿ ಬೇರೆಯಾಗುತ್ತವೆ. ಈ ಸಂಖ್ಯೆ ನನಗೆ ಮೊದಲೇ ಗೊತ್ತಿತ್ತು, ಆದರೆ ಅದರಿಂದ ನನ್ನ ಲೆಕ್ಕವನ್ನು ನಾನು ಮಾಡಿರಲಿಲ್ಲ. ನಲವತ್ತು ನಿಮಿಷದ ಅವಧಿಯಲ್ಲಿ ಅರ್ಧದಷ್ಟು ಹೊತ್ತು ಮಾತನಾಡಿದರೂ 2,40,000 ಬಡಿತ. ಐದು ಅವಧಿಗೆ ಹನ್ನೆರಡು ಲಕ್ಷ. ವೈದ್ಯರ ಮೇಜಿನ ಮುಂದೆ ಕುಳಿತು ಮನಸ್ಸಿನಲ್ಲೇ ಈ ಗುಣಾಕಾರ ಮಾಡಿದಾಗ, ಇಷ್ಟು ವರ್ಷ ಒಮ್ಮೆಯೂ ಕೂಡಿಸಿ ವಿಶ್ರಾಂತಿ ಕೊಡದೆ ದುಡಿಸಿಕೊಂಡ ಯಾರನ್ನೋ ಎದುರಿಗೆ ಕಂಡಂತಾಯಿತು.

ಎರಡು ವಾರ ಒಂದಕ್ಷರವನ್ನೂ ಆಡಬಾರದು, ಪಿಸುಮಾತು ಕೂಡ ಬೇಡ, ಪಿಸುಗುಟ್ಟಿದರೆ ಗಂಟಲಿಗೆ ಇನ್ನಷ್ಟು ಆಯಾಸ ಎಂದರು. ಆಮೇಲೆ ನಾಲ್ಕು ವಾರ ತರಗತಿಗೆ ಹೋಗುವಂತಿಲ್ಲ. ಮಾತಿನ ಚಿಕಿತ್ಸೆ ಮಾಡಿಸಿಕೊಳ್ಳುತ್ತ ದನಿಯನ್ನು ನಿಧಾನವಾಗಿ ಮರಳಿ ತರಬೇಕು. ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸಿ ಪರಿವರ್ತಿತ ರಜೆಗೆ ಅರ್ಜಿ ಬರೆದೆ. ರಜೆಯ ಒಂದೊಂದು ದಿನಕ್ಕೂ ನನ್ನ ಖಾತೆಯ ಅರ್ಧವೇತನ ರಜೆಯಲ್ಲಿ ಎರಡು ದಿನ ಕಳೆಯುತ್ತಾರೆ. ಆ ಖಾತೆಯಲ್ಲಿ ಇಷ್ಟೊಂದು ದಿನಗಳು ಮುಟ್ಟದೆ ಬಿದ್ದಿರುವುದನ್ನು ಆಗಲೇ ನಾನು ಮೊದಲ ಸಲ ಗಮನಿಸಿದ್ದು.

ಮೊದಲ ಮೂರು ದಿನ ಮೌನ ನನಗೆ ವಿಶ್ರಾಂತಿಯಾಗಿರಲಿಲ್ಲ, ಕಟ್ಟಿಹಾಕಿದಂತಿತ್ತು. ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯನ್ನು ಹರಿದು ಚೀಟಿಗಳನ್ನು ಮಾಡಿಕೊಂಡು, ಪೆನ್ನನ್ನು ದಾರದಲ್ಲಿ ಕೊರಳಿಗೆ ಹಾಕಿಕೊಂಡಿದ್ದೆ. ಗಾಂಧೀಜಿ ಸೋಮವಾರದ ಮೌನದಲ್ಲಿ ಹೀಗೆಯೇ ಚೀಟಿ ಬರೆಯುತ್ತಿದ್ದರು. 1947ರ ಜೂನ್ 2ರಂದು, ದೇಶದ ವಿಭಜನೆಯ ಮಾತು ಅಂತಿಮ ಹಂತಕ್ಕೆ ಬಂದ ದಿನ ಸೋಮವಾರವಾಗಿದ್ದರಿಂದ, ಮೌಂಟ್‌ಬ್ಯಾಟನ್ ಎದುರಿಗೆ ಕುಳಿತೂ ಅವರು ಬಳಸಿದ ಲಕೋಟೆಗಳ ಹಿಂಬದಿಯಲ್ಲಿ ಉತ್ತರ ಬರೆದುಕೊಟ್ಟರು ಎಂಬುದನ್ನು ನಾನು ಮಕ್ಕಳಿಗೆ ಗಾಂಧಿ ಜಯಂತಿಯ ಭಾಷಣದಲ್ಲಿ ಎಷ್ಟೋ ಸಲ ಹೇಳಿದ್ದೆ. ಹೇಳುವಾಗ ಅದು ಹಟದ ಕಥೆಯಂತೆ ಕಾಣುತ್ತಿತ್ತು. ಈಗ ಸ್ವತಃ ಚೀಟಿ ಬರೆಯುವಾಗ ಅದರ ಇನ್ನೊಂದು ಬದಿ ತಿಳಿಯಿತು. ಬರೆಯುವ ಕೈ ನಾಲಿಗೆಗಿಂತ ಬಹಳ ನಿಧಾನ. ಹೇಳಬೇಕೆಂದು ಎದ್ದ ಮಾತನ್ನು ಬರೆದು ಮುಗಿಸುವುದರೊಳಗೆ ಎದುರಿನವರು ಆ ಕೆಲಸವನ್ನು ತಾವೇ ಮಾಡಿರುತ್ತಿದ್ದರು, ಇಲ್ಲವೇ ಆ ಮಾತಿನ ಅಗತ್ಯವೇ ತೀರಿರುತ್ತಿತ್ತು.

ಒಂದು ವಾರವಾದ ಮೇಲೆ ಚೀಟಿಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿ ಓದಿದೆ. ಗ್ಯಾಸ್ ಸಣ್ಣಗೆ ಮಾಡು. ಛತ್ರಿ ಒಯ್ಯಿ. ಹಾಲಿನವರಿಗೆ ನಾಳೆ ಬೇಡ ಎನ್ನು. ಅತ್ತೆಯವರ ಬಿಪಿ ಗುಳಿಗೆ. ಫ್ಯಾನು. ಒಂದೊಂದೂ ಯಾರಿಗೋ ಏನನ್ನೋ ಮಾಡಲು ಹೇಳಿದ್ದು. ಪತಿಗೆ, ಅತ್ತೆಯವರಿಗೆ, ಪುಣೆಯಿಂದ ಎರಡು ದಿನಕ್ಕೆಂದು ಬಂದಿದ್ದ ಮಗಳಿಗೆ ನಾನು ಬರೆದದ್ದರಲ್ಲಿ ಪ್ರಶ್ನೆ ಎಂದು ಕರೆಯಬಹುದಾದದ್ದು ಮೂರೋ ನಾಲ್ಕೋ ಚೀಟಿ. ಮಗಳು ಹೊರಡುವ ದಿನ ಬರೆದದ್ದು ಕೂಡ ‘ತಲುಪಿದ ಕೂಡಲೇ ಮೆಸೇಜ್ ಹಾಕು’ ಎಂದಿತ್ತು. ಅವಳು ಎರಡು ದಿನ ನನ್ನ ಪಕ್ಕದಲ್ಲೇ ಮಲಗಿದ್ದಳು, ಕೆಲಸ ಬದಲಿಸುವ ಯೋಚನೆಯಲ್ಲಿದ್ದಳು. ಅದನ್ನು ಅವಳು ನನಗೆ ರಾತ್ರಿ ಹನ್ನೊಂದರವರೆಗೆ ಹೇಳಿದಳು, ನಾನು ಬಾಯಿ ತೆರೆಯಲಾಗದೆ ಕೇಳಿದೆ. ಹೊರಡುವಾಗ ಅವಳೆಂದಳು, ‘ಅಮ್ಮಾ, ಈ ಸಲ ನಿನ್ನ ಜೋಡಿ ಭಾಳ ಮಾತಾಡಿದಂಗಾತು.’ ಆ ವಾಕ್ಯವನ್ನು ನಾನು ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡು ತಿರುವಿ ನೋಡಿದ್ದೇನೆ.

ನಮ್ಮ ಅತ್ತೆಯವರಿಗೆ ಎಂಬತ್ತು ದಾಟಿದೆ. ತವರು ಕುಂದಗೋಳ, ತಂದೆ ಹತ್ತಿ, ಮೆಣಸಿನಕಾಯಿ ಬೆಳೆಯುತ್ತಿದ್ದ ಒಕ್ಕಲಿಗರು. ಅವರು ಮಾತನಾಡುವ ರೀತಿ ಹೀಗೆ: ಒಂದು ವಾಕ್ಯವನ್ನು ಶುರು ಮಾಡುತ್ತಾರೆ, ನಡುವೆ ಒಂದು ಪದಕ್ಕೆ ತಡಕಾಡುತ್ತಾರೆ, ಕಣ್ಣು ಕಿಟಕಿಯ ಕಡೆ ಹೋಗುತ್ತದೆ. ಅಷ್ಟರಲ್ಲಿ ಆ ಪದವನ್ನು ನಾನು ಹೇಳಿಬಿಡುತ್ತಿದ್ದೆ. ಪದವಷ್ಟೇ ಅಲ್ಲ, ವಾಕ್ಯದ ಉಳಿದರ್ಧವನ್ನೂ ಮುಗಿಸಿ, ‘ಹೌದಲ್ರೀ ಅತ್ತಿ’ ಎಂದು ಅಡುಗೆಮನೆಯ ಕಡೆ ಹೊರಡುತ್ತಿದ್ದೆ. ಅವರಿಗೆ ನೆರವಾಗುತ್ತಿದ್ದೇನೆ ಎಂದೇ ತಿಳಿದಿದ್ದೆ. ಎರಡನೆಯ ವಾರದ ಒಂದು ಮಧ್ಯಾಹ್ನ, ಜಿಟಿಜಿಟಿ ಮಳೆ ಹಿಡಿದಿತ್ತು, ಕರೆಂಟ್ ಇರಲಿಲ್ಲ. ಅತ್ತೆ ಗೋಡೆಗೆ ಒರಗಿ ಕುಳಿತು ನಮಗೆಲ್ಲ ಬಾಯಿಪಾಠವಾಗಿದ್ದ ಒಂದು ಕಥೆಯನ್ನು ಎತ್ತಿಕೊಂಡರು.

‘ನಮ್ಮಪ್ಪ ನನ್ನ ಕುಂದಗೋಳದ ವಾಡೇಕ ಹಾಡು ಕೇಳಾಕ ಕರಕೊಂಡು ಹೋಗಿದ್ದ.’ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆಂದು ನಾಡಗೇರ ಮನೆತನದ ಹಳೆಯ ದೊಡ್ಡ ಮನೆಯಾದ ವಾಡೆಯಲ್ಲಿ ಇಂದಿಗೂ ನಡೆಯುವ ಸಂಗೀತೋತ್ಸವ ಅದು. ಸವಾಯಿ ಗಂಧರ್ವರು ತೀರಿಕೊಂಡದ್ದು 1952ರಲ್ಲಿ, ಅದಾದ ಒಂದೆರಡು ವರ್ಷಕ್ಕೆ ನಡೆದ ಮಾತಿರಬೇಕು. ಅತ್ತೆಗೆ ಆಗ ಎಂಟೋ ಒಂಬತ್ತೋ ವರ್ಷ. ‘ರಾತ್ರಿ ಪೂರಾ ಹಾಡು. ಯಾರು ಹಾಡಿದ್ರೋ ಈಗ ನೆನಪಿಲ್ಲ. ನಾ ಅಪ್ಪನ ತೊಡಿ ಮ್ಯಾಲ ತಲಿ ಇಟಗೊಂಡು ಮಲಗಿಬಿಟ್ಟೆ.’ ಇಲ್ಲಿಗೆ ಬಂದ ಕೂಡಲೇ ನಾವೆಲ್ಲ ನಗುತ್ತಿದ್ದೆವು; ಹಾಡು ಕೇಳಲು ಹೋಗಿ ಮಲಗಿ ಬಂದಿರಿ ಎಂದು ಯಾರಾದರೂ ಮುಗಿಸುತ್ತಿದ್ದರು, ಅವರೂ ನಕ್ಕು ಸುಮ್ಮನಾಗುತ್ತಿದ್ದರು. ಅಂದು ನಗುವವರು ಯಾರೂ ಇರಲಿಲ್ಲ. ಅತ್ತೆ ಎಂದಿನ ಜಾಗದಲ್ಲಿ ನಿಂತರು, ನನ್ನ ಮುಖ ನೋಡಿದರು. ನಾನು ಮುಗಿಸಲಿ ಎಂದು ಕಾಯುತ್ತಿದ್ದರು. ನನ್ನಲ್ಲಿ ದನಿಯಿರಲಿಲ್ಲ. ಮಳೆಯ ಸದ್ದಿನಲ್ಲಿ ಬಹಳ ಹೊತ್ತು ಹಾಗೇ ಕಳೆಯಿತು, ಆಮೇಲೆ ಅವರು ಮುಂದುವರಿದರು.

‘ಎಚ್ಚರಾದಾಗ ಬೆಳಕು ಹರಿದಿತ್ತು. ಮಂದಿ ಎಲ್ಲಾ ಹೋಗಿದ್ರು. ಜಮಖಾನಿ ಸುತ್ತಾಕ ಹತ್ತಿದ್ರು ವಾಡೇದಾಗ. ಅಪ್ಪ ಒಬ್ಬಾವನ ಹಂಗ ಕುಂತಿದ್ದ. ಎಬ್ಬಿಸಿದ್ದಿಲ್ಲ ನನ್ನ. ನಾ ಎದ್ದ ಮ್ಯಾಲ ಅಂವ ಏಳಾಕ ಹೋದ, ಕಾಲು ಜೋಮು ಹಿಡಿದಿತ್ತು, ಗ್ವಾಡಿ ಹಿಡಕೊಂಡು ನಿಂತ.’ ಮತ್ತೆ ಒಂದು ಬಿಡುವು. ‘ಅಪ್ಪ ಅಂದ್ರ ನನಗ ಅದ ನೆನಪು, ಯವ್ವಾ. ಅಂವ ಕುಂತಿದ್ದು.’

ನಾನು ಈ ಮನೆಗೆ ಬಂದ ವರ್ಷದಿಂದ ಇದು ನಿದ್ದೆಯ ಕಥೆ ಎಂದುಕೊಂಡಿದ್ದೆವು. ಹತ್ತಿಯ ಹೊಲಕ್ಕೆ ಹೋಗಬೇಕಾದ ಒಬ್ಬ ಮನುಷ್ಯ, ಹಾಡು ಮುಗಿದು ಮಂದಿ ಎದ್ದುಹೋದ ಮೇಲೂ, ಮಲಗಿದ ಮಗುವಿನ ತಲೆ ಅಲುಗಬಾರದೆಂದು ಖಾಲಿ ವಾಡೆಯಲ್ಲಿ ಕುಳಿತೇ ಇದ್ದ ಎಂಬ ಭಾಗವನ್ನು ಹೇಳಲು ಆ ಹಿರಿಯ ಜೀವಕ್ಕೆ ನಾವು ಒಂದೇ ಒಂದು ಸಲವೂ ಎಡೆ ಕೊಟ್ಟಿರಲಿಲ್ಲ.

ನಮ್ಮ ಕಡೆ ನಿಧಾನ ಎನ್ನುವುದಕ್ಕೆ ಸಾವಕಾಶ ಎನ್ನುತ್ತಾರೆ. ಮನೆಗೆ ಬಂದವರು ಹೊರಟಾಗ ಬಾಗಿಲವರೆಗೆ ಬಂದು ‘ಸಾವಕಾಶ ಹೋಗಿಬರ್ರಿ’ ಎನ್ನುತ್ತೇವೆ, ಉಣ್ಣುವವರಿಗೆ ‘ಸಾವಕಾಶ ಊಟ ಮಾಡ್ರಿ’ ಎನ್ನುತ್ತೇವೆ. ದಿನಕ್ಕೆ ಹತ್ತು ಸಲ ಬಾಯಿಂದ ಬರುವ ಪದವನ್ನು ನಾನು ಬಿಡಿಸಿ ನೋಡಿದ್ದು ಆ ಮೌನದಲ್ಲೇ. ಸ-ಅವಕಾಶ: ಅವಕಾಶದಿಂದ ಕೂಡಿದ್ದು, ನಡುವೆ ಎಡೆ ಇಟ್ಟುಕೊಂಡದ್ದು. ವೇಗದ ಲೆಕ್ಕ ಅದರಲ್ಲಿ ಇಲ್ಲವೇ ಇಲ್ಲ. ಅತ್ತೆಯ ಮಾತು ನಿಧಾನವಾಗಿತ್ತು ಎಂದು ನಾನು ಇಷ್ಟು ದಿನ ತಿಳಿದಿದ್ದೆ; ಅದು ಸಾವಕಾಶವಾಗಿತ್ತು, ಆ ಎಡೆಗಳನ್ನೆಲ್ಲ ತುಂಬಿಸಿ ಹಾಕುತ್ತಿದ್ದವಳು ನಾನು. ಹಾಗೆಯೇ ನಾವು ಬೀದಿಯಲ್ಲಿ ಎದುರಾದವರಿಗೆ ಮೊದಲು ಕೇಳುವುದು ‘ಆರಾಮ ಅದೀರಿ?’ ಎಂದು. ನಿಮಗೆ ವಿಶ್ರಾಂತಿ ಇದೆಯೇ ಎಂಬ ಪ್ರಶ್ನೆಯನ್ನೇ ಕುಶಲಪ್ರಶ್ನೆ ಮಾಡಿಕೊಂಡ ಊರಿನವರು ನಾವು, ಮತ್ತು ‘ಆರಾಮ್ರಿ’ ಎಂದು ನಿಲ್ಲದೆ ನಡೆಯುತ್ತಲೇ ಉತ್ತರಿಸುತ್ತೇವೆ.

ಸಂಗೀತವನ್ನು ಕೂಡ ನಾನು ಹಾಗೆಯೇ ಕೇಳುತ್ತಿದ್ದೆ. ಧಾರವಾಡದಲ್ಲಿ ಬದುಕುವವರಿಗೆ ಹಿಂದುಸ್ತಾನಿ ಸಂಗೀತ ಗಾಳಿಯಲ್ಲೇ ಇರುತ್ತದೆ. ಆದರೆ ನಾನು ಕಾಯಿಪಲ್ಲೆ ಹೆಚ್ಚುವಾಗ, ಉತ್ತರಪತ್ರಿಕೆ ತಿದ್ದುವಾಗ ಮಾತ್ರ ಅದನ್ನು ಕೇಳಿದವಳು, ಅದೂ ವೇಗದ ಲಯದ ದ್ರುತ್ ಬಂದಾಗ ಕಿವಿಗೊಟ್ಟವಳು. ನಿಧಾನ ಲಯದ ವಿಲಂಬಿತ ಏಕತಾಲದಲ್ಲಿ ಹನ್ನೆರಡು ಮಾತ್ರೆ, ಅಂದರೆ ಹನ್ನೆರಡು ಎಣಿಕೆ. ತೀರ ವಿಳಂಬಗತಿಯಲ್ಲಿ ಒಂದು ಆವರ್ತನ ಸುತ್ತಿ ಮತ್ತೆ ಸಮಕ್ಕೆ, ಅಂದರೆ ಮೊದಲ ಮಾತ್ರೆಗೆ, ಬರಲು ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಕೈಯಲ್ಲಿ ಬೇರೆ ಕೆಲಸವಿಲ್ಲದೆ ಆ ಒಂದು ನಿಮಿಷವನ್ನು ಕೇಳುವುದು ನನಗೆ ಮೊದಮೊದಲು ಕಷ್ಟವಾಯಿತು. ನಾಲ್ಕನೆಯ ಮಾತ್ರೆಗೆ ಮನಸ್ಸು ಶಾಲೆಗೆ ಹೋಗಿರುತ್ತಿತ್ತು, ಸಮ ಬಂದದ್ದೇ ತಿಳಿಯುತ್ತಿರಲಿಲ್ಲ. ಬೆರಳು ಮಡಚಿ ಎಣಿಸಿದೆ. ನಾಲ್ಕಾರು ದಿನ ಕಳೆದ ಮೇಲೆ ಎಣಿಕೆ ತಾನಾಗಿ ಬಿಟ್ಟಿತು, ಸಮ ಹತ್ತಿರವಾಗುತ್ತಿರುವುದು ದೂರದಿಂದ ರೈಲು ಬರುವಾಗ ಹಳಿ ತಿಳಿಸುವಂತೆ ಮೈಗೇ ತಿಳಿಯತೊಡಗಿತು.

ಆ ದಿನಗಳಲ್ಲಿ ಹೆಚ್ಚು ಕೇಳಿದ್ದು ಕುಮಾರ ಗಂಧರ್ವರನ್ನು. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿ, ಇನ್ನೂ ಹುಡುಗನಾಗಿದ್ದಾಗಲೇ ದೇಶವೆಲ್ಲ ಬೆರಗಾಗುವಂತೆ ಹಾಡುತ್ತಿದ್ದ ಅವರಿಗೆ ಇಪ್ಪತ್ತಮೂರು-ಇಪ್ಪತ್ತನಾಲ್ಕರ ಪ್ರಾಯದಲ್ಲಿ ಕ್ಷಯ ತಗಲಿತು. ಒಣಹವೆ ಬೇಕೆಂದು 1948ರಲ್ಲಿ ಈಗಿನ ಮಧ್ಯಪ್ರದೇಶದ ಮಾಳವ ಸೀಮೆಯ ದೇವಾಸಕ್ಕೆ ಹೋದರು. ಅಲ್ಲಿ ಸುಮಾರು ಐದು ವರ್ಷ ಹಾಡುವಂತಿರಲಿಲ್ಲ. ಹಾಸಿಗೆಯ ಮೇಲೆ ಇರುವುದು, ಕೇಳುವುದು ಇಷ್ಟೇ. ಹೊರಗಿನ ಹಕ್ಕಿಗಳ ಕೂಗು, ದಾರಿಯಲ್ಲಿ ಹಾಡಿಕೊಂಡು ಹೋಗುವವರ ಪದಗಳು ಅವರ ಕಿವಿಗೆ ಬಿದ್ದವು. ಆ ಮಾಳವಿ ಜನಪದ ಧಾಟಿಗಳನ್ನು ಅವರು ಸಂಗ್ರಹಿಸಿದರು, ಮುಂದೆ ಅವುಗಳೊಳಗಿಂದಲೇ ಹೊಸ ರಾಗಗಳನ್ನು ಎತ್ತಿದರು. ಮತ್ತೆ ಹಾಡಲು ಕುಳಿತಾಗ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು, ಸ್ವರಗಳನ್ನು ವೇಗವಾಗಿ ಪೋಣಿಸುವ ಉದ್ದನೆಯ ತಾನ್‌ಗಳಿಗೆ ಉಸಿರು ಸಾಲುತ್ತಿರಲಿಲ್ಲ. ಅವರು ಚಿಕ್ಕ ಚಿಕ್ಕ ತುಣುಕುಗಳಾಗಿ ಹಾಡಿದರು, ತುಣುಕುಗಳ ನಡುವೆ ನಿಂತರು. ಆ ನಿಲುಗಡೆಗಳಲ್ಲಿ ತಂಬೂರಿ ಕೇಳಿಸುತ್ತದೆ.

ಕಾಯಿಲೆಯನ್ನು ವರ ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಆ ಐದು ವರ್ಷ ಅವರಿಗೂ, ಅವರನ್ನು ಹಗಲಿರುಳು ನೋಡಿಕೊಂಡ ಪತ್ನಿ ಭಾನುಮತಿಯವರಿಗೂ ಎಂಥ ಕತ್ತಲೆಯಾಗಿದ್ದಿರಬೇಕು ಎಂಬುದನ್ನು ಮರೆತು ಅದರಿಂದ ಹುಟ್ಟಿದ ರಾಗಗಳನ್ನಷ್ಟೇ ಎಣಿಸುವುದು ಸರಿಯಲ್ಲ. ನನ್ನನ್ನು ತಟ್ಟಿದ್ದು ಇಷ್ಟು: ಉಸಿರು ತಿರುಗಿ ಬಂದ ಮೇಲೆ ಅವರು ಹಳೆಯ ಹಾಡಿಕೆಯನ್ನು ಹೇಗಾದರೂ ಮರಳಿ ಹಿಡಿಯಲು ಓಡಲಿಲ್ಲ. ಇರುವ ಉಸಿರಿನಷ್ಟೇ ಉದ್ದದ ಸಾಲುಗಳನ್ನು ಮಾಡಿಕೊಂಡರು.

ವಿಶ್ರಾಂತಿಯ ಬಗ್ಗೆ ಬರೆಯುವಾಗ ನಮ್ಮ ಓಣಿಯ ರೊಟ್ಟಿ ಮಾಡುವ ಹೆಣ್ಣುಮಗಳ ಬಗ್ಗೆ ಬರೆಯದಿದ್ದರೆ ನನ್ನ ಮಾತು ಸುಳ್ಳಾಗುತ್ತದೆ. ಶಾಲೆಗೆ ಹೋಗುವ ದಿನಗಳಲ್ಲಿ ಹತ್ತು ರೊಟ್ಟಿ ಎಂದು ಹೊರಗಿನಿಂದಲೇ ಕೂಗಿ ಡಬ್ಬಿ ಇಟ್ಟು ಹೋಗುತ್ತಿದ್ದೆ. ರಜೆಯಲ್ಲಿ ಅವಳ ಹೊಸ್ತಿಲಲ್ಲಿ ಕುಳಿತು ನೋಡಿದೆ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹೊಯ್ದು, ಕೈ ಸುಡುವ ಬಿಸಿಯಲ್ಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾಳೆ. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಬಡಿಯುವಾಗ ಕೈ ಬೀಳುವುದು ನಡುವಿಗಲ್ಲ, ಅಂಚಿಗೆ. ಪ್ರತಿ ಬಡಿತಕ್ಕೂ ರೊಟ್ಟಿ ತಾನೇ ಒಂದಿಷ್ಟು ತಿರುಗುತ್ತದೆ, ಎಲ್ಲ ಕಡೆ ಸಮನಾಗಿ ಹರಡುತ್ತದೆ. ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರುತ್ತಾಳೆ. ಆ ನೀರು ಆರುವವರೆಗೆ ಮುಂದಿನ ರೊಟ್ಟಿಯ ಉಂಡೆ ಕೈಯಲ್ಲಿರುತ್ತದೆ, ಆದರೆ ಕಣ್ಣು ಹಂಚಿನ ಮೇಲೆ. ನೀರಿನ ಹೊಳಪು ಮಾಯವಾದ ಕ್ಷಣಕ್ಕೆ ಮಗುಚಿದರೆ ರೊಟ್ಟಿ ಉಬ್ಬುತ್ತದೆ. ಮೊದಲೂ ಅಲ್ಲ, ನಂತರವೂ ಅಲ್ಲ. ಇಷ್ಟು ಪೂರ್ತಿಯಾಗಿ ಒಂದು ಕೆಲಸದಲ್ಲಿ ಇರುವವರನ್ನು ನಾನು ಹತ್ತಿರದಿಂದ ಕಂಡದ್ದು ಕಡಿಮೆ.

ನೋಡುತ್ತ ನನಗೆ ಸಮಾಧಾನವಾಗುತ್ತಿತ್ತು, ಮೂರನೆಯ ದಿನದವರೆಗೆ. ಆ ದಿನ ಅವಳು ಬಡಿಯುವುದನ್ನು ನಿಲ್ಲಿಸಿ ಎಡಗೈಯಿಂದ ಬಲಭುಜವನ್ನು ಹಿಚುಕಿಕೊಂಡಳು. ‘ಭುಜ ಎತ್ತಾಕ ಬರಂಗಿಲ್ರಿ ಅಕ್ಕಾರ. ಡಾಕ್ಟರ್ ಒಂದ ತಿಂಗಳು ಕೈಗೆ ಆರಾಮ ಕೊಡು ಅಂದಾರ. ಕೈಬಿಟ್ಟು ಕುಂತ್ರ ರೊಟ್ಟಿ ಯಾರು ಬಡೀತಾರ?’ ನನ್ನ ಗಂಟಲಿಗೆ ವೈದ್ಯರು ಬರೆದದ್ದೂ, ಅವಳ ಭುಜಕ್ಕೆ ವೈದ್ಯರು ಬರೆದದ್ದೂ ಒಂದೇ ಔಷಧಿ. ನನ್ನದಕ್ಕೆ ಮುಖ್ಯೋಪಾಧ್ಯಾಯರ ಸಹಿ ಇತ್ತು, ತಿಂಗಳ ಕೊನೆಗೆ ಸಂಬಳ ಇತ್ತು. ಅವಳ ರಜೆ ಮಂಜೂರು ಮಾಡುವವರು ಯಾರೂ ಇಲ್ಲ. ನಿಧಾನವಾಗಿ ಬದುಕಿ ಎಂದು ಹೇಳುವ ಬರಹಗಳನ್ನು ನಾನೂ ಓದಿದ್ದೇನೆ, ಇಷ್ಟಪಟ್ಟಿದ್ದೇನೆ. ಆದರೆ ಬಿಡುವು ಮನಸ್ಸು ಮಾಡಿದರೆ ಸಿಗುವ ವಸ್ತು ಎಂಬ ಅವುಗಳ ನಂಬಿಕೆಯನ್ನು ಆ ಹೊಸ್ತಿಲಲ್ಲಿ ಕುಳಿತು ನಂಬಲಾರೆ. ಓಣಿಯ ನಾಲ್ಕೈದು ಮನೆಯವರು ಸೇರಿ, ಅವಳ ತಂಗಿ ಊರಿನಿಂದ ಬಂದು ಬಡಿಯುವಂತೆ ಏರ್ಪಾಡು ಮಾಡಿ, ಮುಂಗಡ ಹಣ ಕೊಟ್ಟು ಅವಳಿಗೆ ಮೂರು ವಾರ ಕೈ ಬಿಡಿಸಿದೆವು. ಮೂರು ವಾರಕ್ಕೆ ಭುಜ ಪೂರ್ತಿ ಗುಣವಾಗಲಿಲ್ಲ. ನಾಲ್ಕನೆಯ ವಾರ ಅವಳ ರೊಟ್ಟಿಯ ಸದ್ದು ಮತ್ತೆ ಓಣಿಗೆ ಕೇಳಿಸಿತು, ನನಗೆ ಅದು ಸಂತೋಷದ ಸದ್ದಾಗಿ ಕೇಳಲಿಲ್ಲ.

ನನ್ನ ದನಿ ಬಂದದ್ದು ಒಂದು ಲೋಟ ನೀರಿನಿಂದ. ಮಾತಿನ ಚಿಕಿತ್ಸೆ ಕೊಡುವ ಯುವತಿ ಸ್ಟ್ರಾವನ್ನು ನೀರಿನಲ್ಲಿ ಎರಡು ಬೆರಳಿನಷ್ಟು ಮುಳುಗಿಸಿ, ಗುಳ್ಳೆ ಏಳಿಸುತ್ತಲೇ ‘ಊ’ ಎಂದು ದನಿ ತೆಗೆಯಲು ಹೇಳಿದರು. ಮೊದಲ ದಿನ ಗುಳ್ಳೆಯಷ್ಟೇ ಬಂತು. ಎರಡನೆಯ ದಿನ ಗುಳ್ಳೆಯ ಕೆಳಗೆ ಎಲ್ಲೋ ಒಂದು ಸಣ್ಣ ಗುಂಯ್ ಎನ್ನುವ ಸದ್ದು ಹುಟ್ಟಿತು, ಹೆಬ್ಬೆರಳು ಗಂಟಲಿನ ಮೇಲಿಟ್ಟು ನೋಡಿದರೆ ಅಲ್ಲಿ ಅದು ನಡುಗುತ್ತಿತ್ತು. ಹದಿನಾರು ದಿನದ ನಂತರ ಕೇಳಿದ ನನ್ನದೇ ದನಿ. ಅವರು ಹೇಳಿದ ಇನ್ನೊಂದು ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂತು: ಉಸಿರು ಮುಗಿಯುವ ಮೊದಲೇ ವಾಕ್ಯ ಮುಗಿಸಬೇಕು, ಮತ್ತೆ ಉಸಿರು ತಾನಾಗಿ ಒಳಗೆ ಬರುವವರೆಗೆ ಕಾಯಬೇಕು, ಎಳೆದುಕೊಳ್ಳಬಾರದು. ಇಪ್ಪತ್ತೆರಡು ವರ್ಷ ನಾನು ಉಸಿರು ತಳ ಮುಟ್ಟಿದ ಮೇಲೂ ಎರಡು ವಾಕ್ಯ ಹೆಚ್ಚಿಗೆ ಹಿಂಡುತ್ತಿದ್ದೆ.

ಶಾಲೆಗೆ ಮರಳಿದ ಮೇಲೆ ಮೊದಮೊದಲು ಮೈಕ್ ಕಟ್ಟಿಕೊಂಡು ಪಾಠ ಮಾಡಿದೆ. ಪಾಠ ಹಿಂದೆ ಬಿದ್ದಿತ್ತು, ಆ ಒತ್ತಡ ಹಾಗೇ ಇತ್ತು, ಅದು ಇಂದಿಗೂ ಇದೆ. ಜನವರಿಯಲ್ಲಿ ಒಂಬತ್ತನೆಯ ತರಗತಿಗೆ ಶಬ್ದದ ಪಾಠ ಬಂತು. ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಮೂಲ ಶಬ್ದಕ್ಕೂ ತಿರುಗಿ ಬರುವ ಶಬ್ದಕ್ಕೂ ನಡುವೆ ಕನಿಷ್ಠ 0.1 ಸೆಕೆಂಡ್ ಇರಬೇಕು. ಸೆಕೆಂಡಿಗೆ 344 ಮೀಟರ್ ವೇಗದಲ್ಲಿ ಲೆಕ್ಕ ಹಾಕಿದರೆ ಗೋಡೆ ಕನಿಷ್ಠ 17.2 ಮೀಟರ್ ದೂರದಲ್ಲಿರಬೇಕು. ಎಷ್ಟೋ ವರ್ಷದಿಂದ ಬರೆಸಿದ ಲೆಕ್ಕ. ಆ ದಿನ ಬೋರ್ಡಿನ ಮೇಲೆ 17.2 ಎಂದು ಬರೆದು ಸೀಮೆಸುಣ್ಣ ಹಿಡಿದು ನಿಂತೆ. ನಾನು ಪ್ರಶ್ನೆ ಕೇಳಿ ಉತ್ತರಕ್ಕೆ ಎಷ್ಟು ದೂರ ಬಿಡುತ್ತಿದ್ದೆ? ಯಾವುದೋ ತರಬೇತಿಯಲ್ಲಿ ಕೇಳಿ ಮರೆತಿದ್ದ ವಿಷಯ ನೆನಪಾಯಿತು. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣ ಕೇಳಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂದು ಕಂಡುಕೊಂಡರು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಉತ್ತರಿಸುವ ಮಕ್ಕಳ ಸಂಖ್ಯೆಯೂ ಹೆಚ್ಚುತ್ತದೆ. ಅತ್ತೆಗೆ ನಾನು ಆ ಒಂದು ಸೆಕೆಂಡನ್ನೂ ಕೊಟ್ಟಿರಲಿಲ್ಲ.

ಈಗ ಪ್ರಶ್ನೆ ಕೇಳಿ ಮನಸ್ಸಿನಲ್ಲಿ ಒಂದು ಉಸಿರು ತೆಗೆದುಕೊಳ್ಳುತ್ತೇನೆ. ತರಗತಿಯ ಆ ಮೂರು ಸೆಕೆಂಡ್ ಬಹಳ ಉದ್ದ. ಕುರ್ಚಿ ಸರಿದದ್ದು, ಹೊರಗೆ ಬಿಸಿಯೂಟದ ಪಾತ್ರೆ ತೊಳೆಯುವ ಸದ್ದು ಎಲ್ಲ ಕೇಳಿಸುತ್ತದೆ. ಕೆಲವು ಸಲ ಉತ್ತರ ಬರುತ್ತದೆ, ಕೆಲವು ಸಲ ಬರುವುದಿಲ್ಲ. ಅವಸರ ಹಿಡಿದು ನಾನೇ ಹೇಳಿಬಿಡುವ ದಿನಗಳೂ ಇವೆ, ಮಾರ್ಚ್ ಹತ್ತಿರ ಬಂದಂತೆ ಹೆಚ್ಚೇ ಇದ್ದವು.

ದನಿ ಪೂರ್ತಿ ಬಂದ ಮೇಲೆ, ದೀಪಾವಳಿ ಕಳೆದ ಒಂದು ಸಂಜೆ, ಶಾಲೆಯಿಂದ ಬಂದು ಚೀಲವನ್ನು ಗೂಟಕ್ಕೆ ಹಾಕುತ್ತಿದ್ದೆ. ಅತ್ತೆ ಕಟ್ಟೆಯ ಮೇಲೆ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು. ಹತ್ತಿಯನ್ನು ಬೆರಳಿನಿಂದ ಬಿಡಿಸುತ್ತಲೇ, ತಲೆ ಎತ್ತದೆ ಕೇಳಿದರು: ‘ಇವತ್ತ ಸಾಲ್ಯಾಗ ಏನಾತವಾ?’ ನಾನು ಈ ಮನೆಗೆ ಬಂದಂದಿನಿಂದ ಅವರು ಆ ಪ್ರಶ್ನೆಯನ್ನು ಒಮ್ಮೆಯೂ ಕೇಳಿರಲಿಲ್ಲ. ಕೇಳಲು ನಾನು ಎಂದಾದರೂ ನಿಂತಿದ್ದೆನೇ? ಹಾಲು ಕಾಯಲಿಟ್ಟಿದ್ದೆ, ಹೋಗಿ ಒಲೆ ಆರಿಸಿ ಬಂದು ಅವರ ಎದುರಿಗೆ ಕಟ್ಟೆಯ ಮೇಲೆ ಕುಳಿತೆ. ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಎಂಟನೆಯ ತರಗತಿಯ ಹುಡುಗನೊಬ್ಬ ಗುಬ್ಬಿಯ ಮರಿಯನ್ನು ಜಾಮಿಟ್ರಿ ಬಾಕ್ಸಿನಲ್ಲಿಟ್ಟು ತಂದಿದ್ದ ಎಂದು ಹೇಳಿ, ಮುಂದಿನದನ್ನು ನೆನಪಿಸಿಕೊಳ್ಳಲು ನಿಂತೆ. ಅತ್ತೆ ಬತ್ತಿ ಹೊಸೆಯುವುದನ್ನು ಬಿಟ್ಟು, ಹತ್ತಿಯನ್ನು ಮಡಿಲಿನಲ್ಲಿಟ್ಟುಕೊಂಡು ನನ್ನ ಮುಖ ನೋಡುತ್ತ ಕುಳಿತರು.